ಮೊದಲು ಮೀಟರ್, ಆಮೇಲೆ ಪಾಠ

ನನ್ನ ಸೋಲಾರ್ ತರಬೇತಿಯ ಮೊದಲ ಬ್ಯಾಚಿಗೆ 18 ಜನ ಬಂದಿದ್ದರು. ಮೂರನೇ ವಾರಕ್ಕೆ 11 ಜನ ಉಳಿದರು. ಬಿಟ್ಟುಹೋದವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಅಂತ ಬರೆದಿಟ್ಟೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ತೆರೆದು ನೋಡಲು ನಾಚಿಕೆಯಾಗುತ್ತದೆ.

ನಾನು ಎಲೆಕ್ಟ್ರಿಷಿಯನ್. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಕಲಿಸುತ್ತೇನೆ. ನನ್ನ ಹತ್ತಿರ ಬರುವವರು ಸುಲಭಕ್ಕೆ ಕೆಲಸ ಸಿಗದವರು. ಶಾಲೆ ಅರ್ಧಕ್ಕೆ ಬಿಟ್ಟವರು, ಜೈಲಿನಿಂದ ಹೊರಬಂದವರು, ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ತಾಯಂದಿರು, ಕುಡಿತ ಬಿಟ್ಟು ಇನ್ನೂ ವರ್ಷ ತುಂಬದವರು.

ಅಂಥವರ ಮುಂದೆ ನಾನು ಎರಡು ವಾರ ಬರೀ ಬೋರ್ಡಿನ ಮೇಲೆ ಬರೆದೆ. ಓಮ್‌ನ ನಿಯಮ, ಸಿಲಿಕಾನ್, ಎಲೆಕ್ಟ್ರಾನ್. ಬೈಸಿಕೊಂಡೇ ಶಾಲೆ ಬಿಟ್ಟವರನ್ನು ಮತ್ತೆ ಅದೇ ಬೆಂಚಿನಲ್ಲಿ ಕೂರಿಸಿದ ಹಾಗಾಯಿತು. ಎದ್ದು ಹೋಗದೆ ಏನು ಮಾಡುತ್ತಾರೆ ಅಂತ ಆಮೇಲೆ ಅನ್ನಿಸಿತು.

ಈಗ ಮೊದಲ ದಿನವೇ ಪ್ಯಾನೆಲ್ ಬಿಸಿಲಿಗೆ ಬರುತ್ತದೆ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಅವರ ಕೈಗೆ ಹೋಗುತ್ತದೆ. ನೆರಳಿನಿಂದ ಆಗ ತಾನೇ ತಂದ ಪ್ಯಾನೆಲ್ ಸುಮಾರು 45 ವೋಲ್ಟ್ ತೋರಿಸುತ್ತದೆ. ಅರ್ಧ ಗಂಟೆ ಕಾದ ಮೇಲೆ ಏನಾಗಬಹುದು ಅಂತ ಕೇಳುತ್ತೇನೆ. ‘ಜಾಸ್ತಿ ಆಗುತ್ತೆ’ ಅನ್ನುತ್ತಾರೆ ಎಲ್ಲರೂ. ಅಳೆದರೆ ಎರಡು ಮೂರು ವೋಲ್ಟ್ ಕಡಿಮೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬಿಸಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಇದನ್ನು ಅವರೇ ಅಳೆದು ನೋಡಿದ ಮೇಲೆ ಯಾಕೆ ಅಂತ ಅವರೇ ಕೇಳುತ್ತಾರೆ. ಪಾಠ ಶುರುವಾಗುವುದು ಆಗ.

‘ನಂಗೆ ಲೆಕ್ಕ ಬರಲ್ಲ ಸಾರ್’ ಅಂತ ಒಬ್ಬರು ಹಿಂದೆಯೇ ನಿಂತಿದ್ದರು. ಗೋಡೆ ಕಟ್ಟುವ ಕೆಲಸದಲ್ಲಿ ಇದ್ದವರು. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟರೆ ಎತ್ತರ ಏರುತ್ತದಲ್ಲ, ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸುವ ಸೀರೀಸ್ ಅಂದರೆ ಹಾಗೆ, ವೋಲ್ಟ್ ಕೂಡುತ್ತಾ ಹೋಗುತ್ತದೆ ಅಂದೆ. ಹತ್ತು ಪ್ಯಾನೆಲ್ ಸೇರಿಸಿದರೆ 450 ವೋಲ್ಟ್ ಅಂತ ಬಾಯಲ್ಲೇ ಹೇಳಿದರು. ‘ಹಂಗಾದ್ರೆ ಇದು ಸಾಯಿಸುತ್ತೆ’ ಅಂತಲೂ ಸೇರಿಸಿದರು. ಹೌದು, ಸಾಯಿಸುತ್ತದೆ.

ಅದಕ್ಕೇ ಸುರಕ್ಷತೆಯ ಪಾಠವನ್ನು ನಾನು ಅವಸರದಲ್ಲಿ ಮುಗಿಸುವುದಿಲ್ಲ. ಮನೆಯ ಕರೆಂಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವಂಥದ್ದು. ಅದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು ಇದ್ದರೆ, ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಹಾಗಾಗಿ ಅದರ ಕಿಡಿ ಬೇಗ ಆರುತ್ತದೆ. ಪ್ಯಾನೆಲ್‌ನದು ಒಂದೇ ದಿಕ್ಕಿಗೆ ಹರಿಯುವ ಡಿಸಿ, ಅದು ಸೊನ್ನೆಗೆ ಬರುವುದೇ ಇಲ್ಲ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿದ್ದರೆ ಪ್ಯಾನೆಲ್‌ನ ವೈರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕೆಲವರು ಇದನ್ನು ನಂಬುವುದಿಲ್ಲ. ಅವರಿಗೂ ಮೀಟರ್ ಕೊಡುತ್ತೇನೆ.

ಓದು ಬರಹ ಬಾರದವರ ವಿಷಯದಲ್ಲಿ ನನಗೆ ಧೈರ್ಯ ಬಂದದ್ದು ರಾಜಸ್ಥಾನದ ತಿಲೋನಿಯಾದಲ್ಲಿರುವ ಬೇರ್‌ಫೂಟ್ ಕಾಲೇಜಿನಿಂದ. ಅಲ್ಲಿ ಬೇರೆ ಬೇರೆ ದೇಶಗಳ ಅಕ್ಷರ ಬಾರದ ಹೆಂಗಸರಿಗೂ ಬಣ್ಣ ಮತ್ತು ಸನ್ನೆಗಳಿಂದ ಸೋಲಾರ್ ಕೆಲಸ ಕಲಿಸಿದ್ದಾರೆ. ನಾನೂ ವೈರುಗಳಿಗೆ ಕೆಂಪು, ಹಸಿರು ಟೇಪ್ ಸುತ್ತಿದೆ. ಒಬ್ಬ ಹುಡುಗನಿಗೆ ಎರಡೂ ಒಂದೇ ಥರ ಕಾಣುತ್ತಿತ್ತು! ಈಗ ಒಂದು ಸುತ್ತು, ಎರಡು ಸುತ್ತು ಅಂತ ಗುರುತು ಮಾಡುತ್ತೇವೆ. ಬೆರಳಿಗೂ ಗೊತ್ತಾಗುತ್ತದೆ.

ನನ್ನ ದೊಡ್ಡ ತಪ್ಪು ಆದದ್ದು ಕ್ಲಾಸಿನ ಹೊರಗೆ. ಜೈಲಿನಲ್ಲಿದ್ದ ಒಬ್ಬನನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರಿಗೆ ಆ ವಿಷಯ ಹೇಳಲಿಲ್ಲ. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಎಂಟನೇ ದಿನ ಅವರಿಗೆ ಬೇರೆ ಯಾರಿಂದಲೋ ಗೊತ್ತಾಯಿತು. ಅವನ ಕೆಲಸ ಹೋಯಿತು, ನನ್ನ ಮಾತಿಗೂ ಬೆಲೆ ಹೋಯಿತು. ಈಗ ಅಭ್ಯರ್ಥಿ ಒಪ್ಪಿದರೆ ಮೊದಲೇ ಹೇಳುತ್ತೇನೆ. ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದನ್ನು ಅವರೇ ನಿರ್ಧರಿಸುತ್ತಾರೆ. ಕೆಲವು ಮಾಲೀಕರು ಬೇಡ ಅನ್ನುತ್ತಾರೆ, ಅನ್ನಲಿ. ಬೇಕು ಅಂದವರು ಎಂಟನೇ ದಿನ ಕೈಬಿಡುವುದಿಲ್ಲ.

ಬಿಟ್ಟುಹೋದ ಆ ಏಳು ಜನರಲ್ಲಿ ನಾಲ್ವರನ್ನು ಆಮೇಲೆ ಹುಡುಕಿ ಮಾತಾಡಿಸಿದೆ. ಒಬ್ಬರೂ ಪಾಠ ಕಷ್ಟ ಅನ್ನಲಿಲ್ಲ. ಕೂಲಿ ಇಲ್ಲದೆ ಅಷ್ಟು ದಿನ ಇರಲಾಗಲಿಲ್ಲ, ಮಗುವನ್ನು ನೋಡಿಕೊಳ್ಳುವವರು ಇರಲಿಲ್ಲ, ಏಳು ಗಂಟೆಗೆ ಬರಲು ಬಸ್ ಇರಲಿಲ್ಲ. ಈಗ ತರಬೇತಿ ಅರ್ಧ ದಿನ. ನಾಲ್ಕನೇ ವಾರದಿಂದ ಗುತ್ತಿಗೆದಾರರ ಜೊತೆ ನಿಜವಾದ ಸೈಟಿನಲ್ಲಿ ಕೂಲಿ ಪಡೆದು ಕೆಲಸ. ಅಷ್ಟರ ತನಕದ ಮೂರು ವಾರಕ್ಕೆ ಭತ್ಯೆ ಹೊಂದಿಸುವುದೇ ಪ್ರತಿ ಸಲದ ಒದ್ದಾಟ.

ಎತ್ತರದ ಭಯವನ್ನೂ ಮೊದಲ ವಾರವೇ ನೋಡಿಬಿಡುತ್ತೇವೆ. ಭಯ ಇದ್ದವರನ್ನು ಮನೆಗೆ ಕಳಿಸುವುದಿಲ್ಲ. ಡಿಬಿ ಬಾಕ್ಸ್ (ಕರೆಂಟ್ ಹಂಚುವ ಪೆಟ್ಟಿಗೆ) ಜೋಡಿಸುವುದು, ಸ್ಟೋರ್ ನೋಡಿಕೊಳ್ಳುವುದು, ಇನ್ವರ್ಟರ್‌ಗಳ ದಿನದ ಲೆಕ್ಕ ನೋಡುವುದು, ಎಲ್ಲವೂ ಇದೇ ಕೆಲಸ ಅಲ್ವಾ? ಮಂಡಿ ನೋವಿನ ಒಬ್ಬ ಅಕ್ಕ ವೈರಿಂಗ್ ಮೇಜಿನಲ್ಲಿ ನನಗಿಂತ ಚುರುಕು.

ಹೋದ ಬ್ಯಾಚಿನಲ್ಲಿ ಐದು ಜನ ಹೆಂಗಸರಿದ್ದರು. ಸುರಕ್ಷತಾ ಬೆಲ್ಟ್ ಎಲ್ಲವೂ ದೊಡ್ಡ ಅಳತೆಯವು, ಎಷ್ಟು ಬಿಗಿದರೂ ಇಬ್ಬರಿಗೆ ಸಡಿಲ. ಅವರನ್ನು ಮೇಲೆ ಹತ್ತಿಸಲಿಲ್ಲ. ಅವರಿಗೆ ಬೇಜಾರಾಯಿತು, ನನಗೂ. ಸಣ್ಣ ಅಳತೆಯವು ಬೇಕು ಅಂತ ಬರೆದುಕೊಟ್ಟು ಎರಡು ತಿಂಗಳಾಯಿತು. ಇನ್ನೂ ಬಂದಿಲ್ಲ.