ಹರಾಜಿನ ಮನೆ ಕೊಂಡೆ, ಬೀಗದ ಕೈ ಸಿಗಲು ಏಳು ತಿಂಗಳಾಯಿತು

ಮೈಸೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಬಣ್ಣ ಒಯ್ಯಲು ಬರುತ್ತಿದ್ದ ಕಂಟ್ರಾಕ್ಟರೊಬ್ಬರು "ಇದು ಬ್ಯಾಂಕ್ ಹರಾಜಲ್ಲಿ ತಗೊಂಡ ಮನೆ ಸಾರ್, ತುಂಬಾ ಕಮ್ಮಿಗೆ ಸಿಕ್ತಂತೆ" ಅಂತ ಆಗಾಗ ಹೇಳುತ್ತಿದ್ದರು. ಅಲ್ಲಿಂದ ಶುರುವಾಯಿತು. 2022ರಲ್ಲಿ ಆರು ತಿಂಗಳು ಪೇಪರಿನಲ್ಲಿ ಬರುವ ಹರಾಜು ಪ್ರಕಟಣೆಗಳನ್ನೇ ಓದಿದೆ, ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿದೆ.

ಈ ಹರಾಜುಗಳು ಹೆಚ್ಚಾಗಿ 2002ರ ಸರ್ಫೇಸಿ ಕಾಯ್ದೆಯಡಿ ನಡೆಯುವಂಥವು, ಅಂದರೆ ಅಡಮಾನ ಇಟ್ಟ ಆಸ್ತಿಯನ್ನು ಬ್ಯಾಂಕೇ ಮಾರಿ ಸಾಲ ವಸೂಲು ಮಾಡುವ ಕಾನೂನು. ಸಾಲ ಕಟ್ಟದವರಿಗೆ ಬ್ಯಾಂಕು ಮೊದಲು 60 ದಿನದ ನೋಟಿಸು ಕೊಡಬೇಕು. ಆಮೇಲೆ ಸ್ವಾಧೀನ, ಆಮೇಲೆ ಹರಾಜು. ಪ್ರಕಟಣೆಯ ಮೂಲೆಯಲ್ಲಿ ಒಂದು ಪದ ಇರುತ್ತದೆ, ನಾನು ಮೊದಲು ಅದನ್ನೇ ಹುಡುಕುತ್ತೇನೆ. 'ಭೌತಿಕ ಸ್ವಾಧೀನ' ಅಂದರೆ ಮನೆಯ ಬೀಗದ ಕೈ ಬ್ಯಾಂಕಿನ ಹತ್ತಿರ ಇದೆ ಅಂತ. 'ಸಾಂಕೇತಿಕ ಸ್ವಾಧೀನ' ಅಂದರೆ ಗೇಟಿಗೆ ನೋಟಿಸು ಅಂಟಿಸಿದ್ದಾರೆ, ಒಳಗೆ ಜನ ವಾಸವಿದ್ದಾರೆ ಅಂತ. ಬೆಲೆ ಕಡಿಮೆ ಇರುವುದು ಹೆಚ್ಚಾಗಿ ಎರಡನೆಯದಕ್ಕೆ.

ಮೊದಲು ನೋಡಿದ ಎರಡು ಮನೆ ಬಿಟ್ಟೆ. ಒಂದರ ಮುಂದೆ ಪ್ರಕಟಣೆ ಹಿಡಿದು ನಿಂತು ಚಕ್ಕುಬಂದಿ ತಾಳೆ ನೋಡಿದರೆ, ಪೂರ್ವಕ್ಕೆ ರಸ್ತೆ ಅಂತ ಬರೆದ ಕಡೆ ಬೇರೆಯವರ ಕಾಂಪೌಂಡು. ಇನ್ನೊಂದು ಪಿತ್ರಾರ್ಜಿತ ಆಸ್ತಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 30 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿದಾಗ ಅಡಮಾನ ಬಿಟ್ಟರೆ ಏನೂ ಇರಲಿಲ್ಲ. ಆದರೆ ಕೋರ್ಟಿನ ವೆಬ್‌ಸೈಟಿನಲ್ಲಿ ನಮ್ಮ ವಕೀಲರು ಯಜಮಾನರ ಹೆಸರು ಹಾಕಿ ಹುಡುಕಿದರೆ ಅಕ್ಕತಂಗಿಯರು ಹಾಕಿದ ಪಾಲು ದಾವೆ ಸಿಕ್ಕಿತು. ಇ.ಸಿ. ಚೊಕ್ಕ ಇದ್ದ ಮಾತ್ರಕ್ಕೆ ಆಸ್ತಿ ಚೊಕ್ಕ ಅಂತ ನಂಬಬೇಡಿ. ವಕೀಲರಿಗೆ ಕೊಟ್ಟ ಫೀಜು ಆ ಒಂದು ಹುಡುಕಾಟದಲ್ಲೇ ವಸೂಲಾಯಿತು.

ಮೂರನೆಯದು 20×30 ಸೈಟಿನ ಮನೆ, ಕೆಳಗೊಂದು ಮೇಲೊಂದು ಪೋರ್ಷನ್. ಮೀಸಲು ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ, 38 ಲಕ್ಷ. ಅಕ್ಕಪಕ್ಕ 54–55 ಲಕ್ಷದ ಮಾತು ನಡೆಯುತ್ತಿತ್ತು. ಸಾಂಕೇತಿಕ ಸ್ವಾಧೀನ. ಮುಂಗಡ ಠೇವಣಿ 3.80 ಲಕ್ಷ ಕಟ್ಟಿ, ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿನಲ್ಲೇ ಬಿಡ್ ಮಾಡಿದೆ. 40.50 ಲಕ್ಷಕ್ಕೆ ನಿಂತಿತು.

ಖುಷಿಪಡಲು ಪುರುಸೊತ್ತು ಇರಲಿಲ್ಲ. ಠೇವಣಿಯೂ ಸೇರಿ ಶೇ. 25ರಷ್ಟು ಹಣವನ್ನು ಅವತ್ತೇ, ತಪ್ಪಿದರೆ ಮಾರನೆಯ ಕೆಲಸದ ದಿನ ಕಟ್ಟಬೇಕು. ಉಳಿದದ್ದಕ್ಕೆ ಮಾರಾಟ ದೃಢವಾದಂದಿನಿಂದ 15 ದಿನ. ಕಟ್ಟದಿದ್ದರೆ ಕೊಟ್ಟದ್ದೂ ಹೋಗುತ್ತದೆ. ಒಳಗೆ ಜನ ಇರುವ ಮನೆಗೆ ಗೃಹಸಾಲ ಕೊಡುವುದಿಲ್ಲ ಅಂತ ನನ್ನ ಖಾತೆ ಇದ್ದ ಬ್ಯಾಂಕಿನವರು ಹತ್ತನೇ ದಿನ ಹೇಳಿದರು. ಎಫ್.ಡಿ. ಮುರಿಸಿದರೂ ಏಳು ಲಕ್ಷ ಕಮ್ಮಿ ಬಿತ್ತು. ನಮ್ಮ ಅತ್ತೆ ಕೇಳುವ ಮುಂಚೆಯೇ ಬಳೆ, ಸರ ಎಲ್ಲ ತಂದು ಟೇಬಲ್ಲಿನ ಮೇಲೆ ಇಟ್ಟರು, ಗಿರವಿ ಇಟ್ಟು ಕಟ್ಟಿದೆ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಈ ಗಡುವನ್ನು ಮೂರು ತಿಂಗಳವರೆಗೂ ವಿಸ್ತರಿಸಬಹುದು ಅಂತ ನಿಯಮದಲ್ಲೇ ಇದೆ. ನನಗೆ ಯಾರೂ ಹೇಳಲಿಲ್ಲ. ನೀವು ಕೇಳಿ.

ಅಕ್ಟೋಬರಿನಲ್ಲಿ ಮಾರಾಟ ಪ್ರಮಾಣಪತ್ರ ಕೈಗೆ ಬಂತು. ಮನೆ ಮಾತ್ರ ಬರಲಿಲ್ಲ. ಜಿಲ್ಲಾಧಿಕಾರಿಗಳಿಂದ ಅದೇ ಕಾಯ್ದೆಯ 14ನೇ ಸೆಕ್ಷನ್ ಆದೇಶ ಬರಬೇಕು, ಆಮೇಲೆ ತೆರವು ಮಾಡಿಸುತ್ತೇವೆ ಅಂತ ಬ್ಯಾಂಕಿನವರು ಹೇಳುತ್ತಲೇ ಹೋದರು. ದಿನ ಹೇಳಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ನಾನೂ ನನ್ನ ಹೆಂಡತಿಯೂ ಆ ಮನೆಗೆ ಹೋದೆವು. ಬಿಡ್ ಮಾಡುವ ಮುಂಚೆ ರಸ್ತೆಯಲ್ಲಿ ನಿಂತು ನೋಡಿದ್ದೆನೇ ಹೊರತು ಒಳಗೆ ಹೋಗುವ ಧೈರ್ಯ ಆಗಿರಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು. ಬಾಗಿಲು ತೆಗೆದವರು ಯಜಮಾನರ ತಾಯಿ.

"ಅಮ್ಮಾ, ಮನೆ ತಗೊಂಡಿರೋರು ನಾವೇ. ಜಗಳಕ್ಕೆ ಬಂದಿಲ್ಲ, ಮಾತಾಡಕ್ಕೆ ಬಂದಿದೀವಿ."

ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಬನ್ನಿ, ಕೂತ್ಕೊಳಿ" ಅಂದರು.

ಮಗ ಲಾರಿ ಇಟ್ಟಿದ್ದವರು, ಕೊರೊನಾದಲ್ಲಿ ಬಾಡಿಗೆ ನಿಂತು ಕಂತು ತಪ್ಪಿತ್ತು. ಮೊಮ್ಮಗಳು ಎಸ್ಸೆಸ್ಸೆಲ್ಸಿ. ಅವರು ಹೆದರಿದ್ದದ್ದು ಒಂದಕ್ಕೇ: ಪರೀಕ್ಷೆ ಹೊತ್ತಿಗೆ ಪೊಲೀಸರು ಬಂದು ಸಾಮಾನು ಬೀದಿಗೆ ಹಾಕಿದರೆ ಹುಡುಗಿ ಗತಿ ಏನು? ಮಾತಿನ ಮಧ್ಯೆ ಬಾಕಿ ಎಷ್ಟಿತ್ತು ಅಂತ ಆ ಮಗನನ್ನೇ ಕೇಳಿದೆ. ಬಡ್ಡಿ, ಖರ್ಚು ಎಲ್ಲ ಸೇರಿ 34 ಲಕ್ಷದ ಆಸುಪಾಸು. "ನಾನು ಕಟ್ಟಿರೋದು ನಲವತ್ತೂವರೆ. ಬಾಕಿ ತೀರಿ ಉಳಿದಿದ್ದು ನಿಮಗೇ ವಾಪಸ್ ಬರ್ಬೇಕಲ್ವಾ ಅಣ್ಣಾ?" ಅಂದೆ. ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಹಾಗಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಮನೆಯ ಜೊತೆ ಎಲ್ಲವೂ ಹೋಯಿತು ಅಂದುಕೊಂಡಿದ್ದರು.

ಮಾರನೆಯ ದಿನ ಅವರ ಪರವಾಗಿ ನಮ್ಮ ವಕೀಲರಿಂದಲೇ ಅರ್ಜಿ ಬರೆಸಿದೆ. ಎರಡು ಸಲ ನಾನೂ ಬ್ಯಾಂಕಿಗೆ ಜೊತೆಯಲ್ಲಿ ಹೋದೆ. ಪರೀಕ್ಷೆ ಮುಗಿದ ಮೇಲೆ ಖಾಲಿ ಮಾಡುವುದು ಅಂತ ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಂಡೆವು. ಮಾರ್ಚಿನಲ್ಲಿ ಉಳಿಕೆ ಹಣ ಅವರ ಖಾತೆಗೆ ಬಂತು, ಅದರಲ್ಲೇ ಭೋಗ್ಯಕ್ಕೆ ಮನೆ ಹಿಡಿದರು. ಸಾಮಾನು ಸಾಗಿಸಲು, ಸಣ್ಣಪುಟ್ಟ ಖರ್ಚಿಗೆ ಅಂತ 40 ಸಾವಿರ ನಾನು ಕೊಟ್ಟೆ. ಕೊಡಲೇಬೇಕೆಂದು ಕಾನೂನಿಲ್ಲ. ನನಗೆ ಕೊಡಬೇಕೆನಿಸಿತು.

ಲೆಕ್ಕ ಹೇಳಿಬಿಡುತ್ತೇನೆ. ಮುದ್ರಾಂಕ, ನೋಂದಣಿ ಸುಮಾರು 2.70 ಲಕ್ಷ. ಕಂದಾಯ, ನೀರು, ಕರೆಂಟಿನ ಹಳೆ ಬಾಕಿ 62 ಸಾವಿರ. ಕರೆಂಟ್ ಬಾಕಿ ಹಳೆಯವರದ್ದು ಅಂತ ಕೈಬಿಡುವ ಹಾಗಿಲ್ಲ. ಹರಾಜಿನಲ್ಲಿ ಕೊಂಡವರಿಂದಲೂ ಅದನ್ನು ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ದರಿಂದ ಈಗ ಮನೆ ನೋಡಲು ಹೋದಾಗ ಮೀಟರಿನ ಮೇಲಿನ ಆರ್.ಆರ್. ನಂಬರ್ ಬರೆದುಕೊಂಡೇ ಬರುತ್ತೇನೆ. ರಿಪೇರಿಗೆ 3.40 ಲಕ್ಷ, ಅದೂ ಸಾಮಾನು ನನ್ನ ಅಂಗಡಿಯದಾದ್ದರಿಂದ. ಒಟ್ಟು 47 ಲಕ್ಷ 62 ಸಾವಿರ, ಗಿರವಿಯ ಬಡ್ಡಿ ಬೇರೆ. ಹದಿನೈದು ಲಕ್ಷ ಉಳಿಯುತ್ತದೆ ಅಂದುಕೊಂಡಿದ್ದೆ, ಉಳಿದದ್ದು ಅದರ ಅರ್ಧ. ಎರಡೂ ಪೋರ್ಷನ್ ಬಾಡಿಗೆಗೆ ಹೋಗಿವೆ. ಅತ್ತೆಯ ಒಡವೆಯನ್ನು ಎಲ್ಲಕ್ಕಿಂತ ಮೊದಲು ಬಿಡಿಸಿದೆ.

2023ರ ಏಪ್ರಿಲ್ ಕೊನೆಯಲ್ಲಿ ಬೀಗದ ಕೈ ಕೊಟ್ಟರು. ಸಾಮಾನು ಹೇರಿದ ಟೆಂಪೋ ಗೇಟಿನಲ್ಲಿ ನಿಂತಿತ್ತು. ಯಜಮಾನರು ಹತ್ತಲು ಹೋದವರು ತಿರುಗಿ ಬಂದು, ನನ್ನನ್ನು ಸಂಪಿನ ಹತ್ತಿರ ಕರೆದುಕೊಂಡು ಹೋದರು. ಕೂತು ವಾಲ್ವ್ ಹಿಡಿದು ತೋರಿಸಿದರು. "ಇದನ್ನ ಅರ್ಧ ಮಾತ್ರ ತಿರುಗಿಸಿ ಸಾರ್. ಪೂರ್ತಿ ತಿರುಗಿಸಿದ್ರೆ ಮೇಲ್ಗಡೆ ಟ್ಯಾಂಕಿಗೆ ನೀರು ಹತ್ತಲ್ಲ."