ಗ್ರೇಡ್ ಆದ ನಾಣ್ಯಕ್ಕೆ ಯಾವ ಹೋಲ್ಡರ್? ಅಳತೆ, ಅಂಚು, ಬೀರು ನೋಡಿ ಆರಿಸುವ ಕ್ರಮ

ಮೊದಲು ವರ್ನಿಯರ್ ಕ್ಯಾಲಿಪರ್ (ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ), ಆಮೇಲೆ ಹೋಲ್ಡರ್, ಅಂದರೆ ನಾಣ್ಯ ಕಾಪಾಡುವ ಕವಚ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಂಗ್ರಾಹಕರು ಇಂಥ ಸಾಮಾನನ್ನು ಹೆಚ್ಚಾಗಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಇಲ್ಲವೇ ಬೆಂಗಳೂರಿಗೆ ಹೋದಾಗ ನಾಣ್ಯ ಮೇಳದಲ್ಲಿ ಕಟ್ಟುಗಟ್ಟಲೆ ತರುತ್ತಾರೆ. ಒಂದು ಮಿಲಿಮೀಟರ್ ತಪ್ಪಿದರೂ ಇಡೀ ಕಟ್ಟು ದಂಡ. ವರ್ನಿಯರ್ ಪ್ಲಾಸ್ಟಿಕ್ಕಿನದೇ ಇರಲಿ. ಮನೆಯಲ್ಲಿ ಉಕ್ಕಿನದೇ ಇದ್ದರೆ ಅದರ ಎರಡು ದವಡೆಗೂ ಒಂದೊಂದು ಪದರ ಪೇಪರ್ ಟೇಪ್ ಅಂಟಿಸಿ, ಮುಚ್ಚಿದಾಗ ಕಾಣುವ ಅಳತೆಯನ್ನು ಬರೆದುಕೊಂಡು, ನಾಣ್ಯದ ಅಳತೆಯಿಂದ ಅದನ್ನು ಕಳೆಯಿರಿ. ದವಡೆಯನ್ನು ನಾಣ್ಯದ ಮೇಲೆ ಜಾರಿಸಬಾರದು. ಅಂಚಿಗೆ ತಾಗಿಸಿ, ಓದಿ, ಅಗಲಿಸಿ ತೆಗೆಯಬೇಕು.

ಅಳೆಯಬೇಕಾದ್ದು ಅಗಲ ಮಾತ್ರ ಅಲ್ಲ, ದಪ್ಪವನ್ನೂ ಅಳೆಯಬೇಕು. ಇದನ್ನು ಮರೆಯುವವರೇ ಹೆಚ್ಚು.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 30.5ರಿಂದ 30.8 ಮಿ.ಮೀ. ಇರುತ್ತದೆ. 1950ರ ನಿಕಲ್ ರೂಪಾಯಿ 28, 1969ರ ಗಾಂಧಿ ಶತಮಾನೋತ್ಸವದ ಬೆಳ್ಳಿ ಹತ್ತು ರೂಪಾಯಿ 34, ನಯಾ ಪೈಸೆ 16, ಎರಡು ಲೋಹದ ಹತ್ತು ರೂಪಾಯಿ 27. ಎರಡು ಇಂಚು ಚೌಕದ, ನಡುವೆ ಫಿಲ್ಮಿನ ಕಿಂಡಿ ಇರುವ, ಮಡಿಸಿ ಪಿನ್ನು ಹೊಡೆಯುವ ಕಾಗದದ ಟೂ ಬೈ ಟೂ ಹೋಲ್ಡರ್‌ನ ಕಿಂಡಿಗಳು ಸಾಮಾನ್ಯವಾಗಿ 17.5, 20, 22.5, 25, 27.5, 30, 32.5, 35, 39.5 ಮಿ.ಮೀ. ಅಳತೆಯಲ್ಲಿ ಬರುತ್ತವೆ. ಕಿಂಡಿ ನಾಣ್ಯಕ್ಕಿಂತ ಒಂದರಿಂದ ಎರಡು ಮಿ.ಮೀ. ದೊಡ್ಡದಿರಲಿ. ಅಂದರೆ ಬೆಳ್ಳಿ ರೂಪಾಯಿಗೆ 32.5, ನಿಕಲ್ ರೂಪಾಯಿಗೆ 30, ನಯಾ ಪೈಸೆಗೆ 17.5. ಹತ್ತು ರೂಪಾಯಿಗೆ 27.5 ಲೆಕ್ಕಕ್ಕೆ ಸರಿ ಕಂಡರೂ ಅಂಚು ಕಾಗದಕ್ಕೆ ಉಜ್ಜುತ್ತದೆ, 30ರದ್ದೇ ವಾಸಿ. ಎರಡು ಭಾಗ ಸೇರಿಸಿ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಾದ ಗಟ್ಟಿ ಕ್ಯಾಪ್ಸೂಲ್‌ನ ಲೆಕ್ಕ ಇದಕ್ಕೆ ತಿರುಗಾಮುರುಗಾ: ಒಳಗಡೆ ಅರ್ಧ ಮಿ.ಮೀ.ಗಿಂತ ಹೆಚ್ಚು ಜಾಗ ಉಳಿಯಬಾರದು. ಉಳಿದರೆ ನಾಣ್ಯ ಒಳಗೇ ಉರುಳಾಡಿ ಅಂಚಿನ ಹಲ್ಲು ಸವೆಯುತ್ತದೆ.

ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಹೂವಿನ ಎಸಳಿನಂಥ ಅಂಚಿನ ಹತ್ತು ಪೈಸೆಗಳನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ದುಂಡು ಕ್ಯಾಪ್ಸೂಲ್‌ಗೆ ಹಾಕಿದರೆ ಇವು ಮೂಲೆಗಳ ಮೇಲಷ್ಟೇ ನಿಲ್ಲುತ್ತವೆ, ಸವೆತವೂ ಅಲ್ಲೇ ಶುರು. 50 × 50 ಮಿ.ಮೀ.ನ ಚೌಕ ಕ್ಯಾಪ್ಸೂಲ್ ತೆಗೆದುಕೊಂಡು, ಒಳಗಿನ ಫೋಮನ್ನು ನಾಣ್ಯದ ಆಕಾರಕ್ಕೆ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ನಾಣ್ಯವನ್ನೇ ಫೋಮಿನ ಮೇಲಿಟ್ಟು ಗೆರೆ ಎಳೆಯುವುದು ಬೇಡ. ಕಾಗದದ ಮಾದರಿ ಮಾಡಿ ಅದರ ಸುತ್ತ ಎಳೆಯಿರಿ.

ಟಿಪ್ಪುವಿನ ಆನೆ ಪೈಸೆಯಂಥ ದಪ್ಪ ತಾಮ್ರಕ್ಕೆ ಟೂ ಬೈ ಟೂ ಆಗಿಬರುವುದಿಲ್ಲ. ಕಾಗದ ಉಬ್ಬಿಕೊಂಡು ಪಿನ್ನುಗಳು ಸಡಿಲವಾಗುತ್ತವೆ, ಫಿಲ್ಮು ಬಿಗಿದು ಎದ್ದು ಕಾಣುವ ಭಾಗಕ್ಕೆ ಒತ್ತುತ್ತದೆ. ಆಳವಾದ ಕ್ಯಾಪ್ಸೂಲೇ ಬೇಕು. ಮೈಸೂರು ಒಡೆಯರ ಕಾಲದ ಪುಟ್ಟ ನಾಣ್ಯವಾದ ಕಂಠೀರವ ಹಣದ ಪಾಡು ಇನ್ನೊಂದು ಬಗೆ. ಅರ್ಧ ಗ್ರಾಂ ಕೂಡ ತೂಗದ ಆ ಚಿನ್ನದ ಚೂರು 17.5ರ ಕಿಂಡಿಯಲ್ಲಿ ಕಣದಲ್ಲಿ ಬಿದ್ದ ರಾಗಿ ಕಾಳು. ಅದಕ್ಕೆ ಅತಿ ಸಣ್ಣ ಕ್ಯಾಪ್ಸೂಲ್, ಇಲ್ಲವೇ ಸ್ಲ್ಯಾಬ್.

ಸ್ಲ್ಯಾಬ್‌ನಲ್ಲಿ ಯಾರಿಗೆ ಯಾವುದು ಹಿಡಿಸುತ್ತದೆ

ಗ್ರೇಡಿಂಗ್ ಕಂಪನಿ ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರ ಅಳತೆಯಲ್ಲಿ ಅಂಕ ಕೊಟ್ಟು, ಮುದ್ರೆ ಒತ್ತಿ ಕಳಿಸುವ ಗಟ್ಟಿ ಪೆಟ್ಟಿಗೆಯೇ ಸ್ಲ್ಯಾಬ್. ಸುಮಾರು 60 × 85 ಮಿ.ಮೀ. ಇರುತ್ತದೆ. ಹೆಚ್ಚು ಕಾಣಸಿಗುವುದು ಎರಡು ಅಮೆರಿಕನ್ ಕಂಪನಿಗಳದು: ಪಿಸಿಜಿಎಸ್ ಮತ್ತು ಎನ್‌ಜಿಸಿ.

ಎನ್‌ಜಿಸಿಯಲ್ಲಿ ನಾಣ್ಯ ಬಿಳಿಯ ಒಳಹಲಗೆಯ ನಡುವೆ ನಾಲ್ಕು ಹಲ್ಲುಗಳ ಮೇಲೆ ಕೂತಿರುತ್ತದೆ, ಹಲ್ಲುಗಳ ನಡುವೆ ಅಂಚು ಕಾಣುತ್ತದೆ. ಪಿಸಿಜಿಎಸ್‌ನಲ್ಲಿ ಸುತ್ತಲೂ ಪಾರದರ್ಶಕ, ನಾಣ್ಯವನ್ನು ಹಿಡಿದಿರುವುದೂ ಪಾರದರ್ಶಕ ಬಳೆಯೇ. ನೀಲಿ, ನೇರಳೆ, ಹೊಂಬಣ್ಣದ ಟೋನಿಂಗ್ (ಕಾಲ ಕಳೆದಂತೆ ಮೇಲ್ಮೈಗೆ ಏರುವ ಬಣ್ಣ) ಬಂದ ಬೆಳ್ಳಿಯನ್ನು ಇಷ್ಟಪಡುವವರು ಪಿಸಿಜಿಎಸ್ ಕಡೆ ಒಲಿಯುತ್ತಾರೆ. ಬಿಳಿ ಹಿನ್ನೆಲೆ ಪಕ್ಕದಲ್ಲಿದ್ದರೆ ಬೆಳ್ಳಿ ಇರುವುದಕ್ಕಿಂತ ಕಪ್ಪಗೆ ಕಾಣುತ್ತದೆ ಎಂಬುದು ಅವರ ವಾದ. ಕಂದು ತಾಮ್ರಕ್ಕೆ ಮಾತ್ರ ಬಿಳಿ ಚೆನ್ನಾಗಿ ಒಪ್ಪುತ್ತದೆ. ಮಾರುವ ಉದ್ದೇಶದಿಂದ ಫೋಟೊ ತೆಗೆಯುವವರಿಗೆ ಬಿಳಿ ಒಳಹಲಗೆ ಒಂದು ಕಾಟ. ಮೊಬೈಲ್ ಕ್ಯಾಮೆರಾ ಬಿಳಿಗೆ ಬೆಳಕು ಹೊಂದಿಸಿಕೊಂಡು ನಾಣ್ಯವನ್ನು ಮಂಕು ಮಾಡುತ್ತದೆ. ಪರದೆಯಲ್ಲಿ ನಾಣ್ಯದ ಮೇಲೆ ಬೆರಳೊತ್ತಿ ಬೆಳಕು ಹೊಂದಿಸಿದರೆ ಸರಿಹೋಗುತ್ತದೆ.

ನಮ್ಮ ನಾಣ್ಯಗಳಲ್ಲಿ ಬಣ್ಣಕ್ಕಿಂತ ಅಂಚು ಮುಖ್ಯ. ಆರನೇ ಜಾರ್ಜ್‌ನ ರೂಪಾಯಿಯನ್ನೇ ನೋಡಿ. 1939ರವರೆಗೆ ಅದರಲ್ಲಿ 91.7 ಶೇಕಡಾ ಬೆಳ್ಳಿ, ಅಂಚಿಗೆ ಸಾದಾ ಹಲ್ಲು. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, ಖೋಟಾ ತಡೆಯಲು ಅಂಚಿನ ಹಲ್ಲುಗಳ ನಡುವೆ ಕಾಲುವೆಯಂಥ ಗೆರೆ ತೆಗೆದು ಅದರೊಳಗೆ ನಕ್ಷೆ ಕೂರಿಸಿದರು. ಎರಕ ಹೊಯ್ದ ಖೋಟಾದಲ್ಲಿ ಮೊದಲು ಎಡವುವುದು ಈ ಅಂಚೇ. ಅದನ್ನು ಪೂರ್ತಿ ಮುಚ್ಚಿಡುವ ಹೋಲ್ಡರ್‌ನಲ್ಲಿ 1940ರ ದಶಕದ ರೂಪಾಯಿ ಕೊಳ್ಳುವುದು, ಬಾಯಿ ನೋಡದೆ ಸಂತೆಯಲ್ಲಿ ಎತ್ತು ಕೊಂಡಂತೆ.

ಪಿಸಿಜಿಎಸ್‌ನ ಮೊದಲ ವರ್ಷಗಳ ಸ್ಲ್ಯಾಬ್‌ನಲ್ಲಿ ನಾಣ್ಯ ಸಡಿಲವಾಗಿ ಗಿಲಕಿಯಂತೆ ಸದ್ದು ಮಾಡುತ್ತದೆ. ಅಮೆರಿಕನ್ನರು ಅದಕ್ಕೆ ರ್‍ಯಾಟ್ಲರ್ ಎಂದು ಹೆಸರಿಟ್ಟು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ಆ ಹುಚ್ಚನ್ನು ಇಲ್ಲಿಗೆ ತಂದುಕೊಳ್ಳಬೇಕಿಲ್ಲ. ಯಾವ ಸ್ಲ್ಯಾಬನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಬೇಡಿ.

ಹಣ ಕೊಡುವ ಮುಂಚೆ ಲೇಬಲ್‌ನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ. ಚಿತ್ರ ಬಂದರೆ ಗೀರು, ಚುಕ್ಕೆಗಳನ್ನು ಕೈಲಿರುವ ನಾಣ್ಯದೊಂದಿಗೆ ಹೋಲಿಸಿ. ಖೋಟಾ ಸ್ಲ್ಯಾಬ್‌ನಲ್ಲಿ ಸಂಖ್ಯೆ ಅಸಲಿಯೇ ಇರಬಹುದು, ನಾಣ್ಯ ಬೇರೆ.

ಯಾವುದನ್ನು ಗ್ರೇಡಿಂಗ್‌ಗೆ ಕಳಿಸಬಾರದು ಎಂಬುದೂ ಗೊತ್ತಿರಲಿ. ವರಮಹಾಲಕ್ಷ್ಮಿ ಪೂಜೆಗೆಂದು ವರ್ಷವರ್ಷ ಹುಣಸೆಹಣ್ಣಿನಲ್ಲಿ ಉಜ್ಜಿದ ರಾಣಿ ರೂಪಾಯಿ, ಕಾಸಿನ ಸರದಿಂದ ಬಿಚ್ಚಿದ, ಕೊಂಡಿಯ ಬೆಸುಗೆ ಗುರುತು ಉಳಿದ ನಾಣ್ಯ, ಇವಕ್ಕೆ ಅಂಕ ಸಿಗುವುದಿಲ್ಲ. ‘ಡೀಟೇಲ್ಸ್’ (ನಾಣ್ಯ ಅಸಲಿ, ಆದರೆ ಹಾನಿಯಾಗಿದೆ) ಎಂಬ ಷರಾ ಬರುತ್ತದೆ, ಶುಲ್ಕವಂತೂ ಪೂರ್ತಿ. ಅಂಥವಕ್ಕೆ ಒಳ್ಳೆಯ ಕ್ಯಾಪ್ಸೂಲ್ ಸಾಕು. ಕಾನೂನಿನ ಮಾತೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ವಿಕ್ಟೋರಿಯಾ ರೂಪಾಯಿಯನ್ನು ಗ್ರೇಡಿಂಗ್‌ಗೆ ಕೊಡುವಾಗ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಹೊಲ ಉಳುವಾಗ ಸಿಕ್ಕಿದ ನಾಣ್ಯದ ದಾರಿಯೇ ಬೇರೆ. ನಿಧಿಗೆ ಸಂಬಂಧಿಸಿದ ಕರ್ನಾಟಕದ 1962ರ ಕಾಯ್ದೆಯ ಪ್ರಕಾರ ಅಂಥದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪ್ಲಾಸ್ಟಿಕ್ ಯಾವುದು? ಒಲೆಯ ಮುಂದೆ ಐದು ನಿಮಿಷ

ನಾಣ್ಯವನ್ನು ಹಾಳುಮಾಡುವ ಪ್ಲಾಸ್ಟಿಕ್ ಪಿವಿಸಿ. ಮೆತ್ತಗಿರುತ್ತದೆ, ಹೊಸ ಶವರ್ ಕರ್ಟನ್ನಿನ ವಾಸನೆ ಬರುತ್ತದೆ. ವರ್ಷ ಕಳೆದಂತೆ ಅದು ಬಿಡುವ ಆಮ್ಲ ತಾಮ್ರ, ಬೆಳ್ಳಿಯ ಮೇಲೆ ಹಸಿರು ಜಿಗುಟಾಗಿ ಕೂರುತ್ತದೆ. ಅಗ್ಗದ ಆಲ್ಬಂ ಹಾಳೆಗಳಲ್ಲಿ ಇದೇ ಹೆಚ್ಚು. ಮೈಲಾರ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್, ಅಕ್ರಿಲಿಕ್ ನಾಣ್ಯಕ್ಕೆ ಸಾಧು.

ಅನುಮಾನ ಬಂದರೆ ಹೀಗೆ ನೋಡಿ. ಅಡುಗೆಮನೆ ಕಿಟಕಿ ತೆರೆಯಿರಿ. ಹೊದಿಕೆ ಸುಲಿದ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ನೀಲಿ ಉರಿಯಲ್ಲಿ ಕೆಂಪಗೆ ಕಾಯಿಸಿ. ಮೊದಲಿಗೆ ಸ್ವಲ್ಪ ಹಸಿರು ಕಂಡೀತು, ಅದು ಪೂರ್ತಿ ಹೋಗುವವರೆಗೂ ಕಾಯಿಸಿ. ಬಿಸಿ ತುದಿಯನ್ನು ಖಾಲಿ ಹಾಳೆಯಿಂದ ಕತ್ತರಿಸಿದ ಚೂರಿಗೆ ತಾಗಿಸಿ. ತಂತಿಗೆ ಒಂದಿಷ್ಟು ಪ್ಲಾಸ್ಟಿಕ್ ಹತ್ತಿಕೊಂಡಿತೇ, ಮತ್ತೆ ಉರಿಗೆ ಹಿಡಿಯಿರಿ. ಉರಿ ಗಿಳಿಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ ಎಂದರ್ಥ, ಹಾಳೆ ಕಸದ ಬುಟ್ಟಿಗೆ. ಬಣ್ಣ ಬದಲಾಗದಿದ್ದರೆ ಪಿವಿಸಿ ಅಲ್ಲ. ಹೊಗೆ ಕುಡಿಯಬೇಡಿ.

ಹಸಿರು ಈಗಾಗಲೇ ಹತ್ತಿದ್ದರೆ ಶುದ್ಧ ಅಸಿಟೋನ್ ಬೇಕು. ಪ್ರಯೋಗಾಲಯದ ರಾಸಾಯನಿಕ ಮಾರುವ ಅಂಗಡಿಯದಾಗಬೇಕು, ಎಣ್ಣೆ, ಬಣ್ಣ ಬೆರೆತ ಉಗುರುಬಣ್ಣ ತೆಗೆಯುವ ದ್ರವ ಆಗದು. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹುಯ್ದು 15 ನಿಮಿಷ ಮುಚ್ಚಿಡಿ. ಆ ದ್ರವ ಚೆಲ್ಲಿ ಹೊಸದರಲ್ಲಿ ಇನ್ನೊಮ್ಮೆ ಅದ್ದಿ, ಅಂಚು ಹಿಡಿದೆತ್ತಿ, ಗಾಳಿಗೆ ಆರಲು ಬಿಡಿ. ಒರೆಸಿದಿರೋ ಗೀರು ಬಿದ್ದಂತೆ. ಪೂಜೆಯ ಅರಿಶಿನದ ಬಣ್ಣವೂ ಇದರಲ್ಲೇ ಕರಗುತ್ತದೆ. ಹತ್ತಿರದಲ್ಲಿ ದೀಪ, ಒಲೆ ಉರಿಯುತ್ತಿರಬಾರದು. ಮೇಲಿನ ತಂತಿ ಪರೀಕ್ಷೆಯನ್ನೂ ಇದನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ಮಾಡುವುದೇ ಬೇಡ. ಆಮ್ಲ ತಿಂದು ಕುಳಿ ಬಿದ್ದ ಜಾಗ ಮಾತ್ರ ಮತ್ತೆ ಮೊದಲಿನಂತಾಗದು.

ಟೂ ಬೈ ಟೂ ಹಾಕುವುದು

ಮೇಜಿನ ಮೇಲೆ ಟವೆಲ್ ಮಡಿಸಿ ಹಾಸಿ. ಹೋಲ್ಡರ್‌ನ ಮೈಲಾರ್ ಫಿಲ್ಮಿನ ಮೇಲಿರುವ ಕಾಗದದ ದೂಳನ್ನು ಮೊದಲು ರಬ್ಬರ್ ಬಲ್ಬಿನಿಂದ ಊದಿ ತೆಗೆಯಿರಿ. ಬಾಯಲ್ಲಿ ಊದಿದರೆ ಎಂಜಲಿನ ಹನಿ ಬಿದ್ದು ಆರು ತಿಂಗಳಿಗೆ ಕರಿಚುಕ್ಕೆಯಾಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಡುವೆ ಇಟ್ಟು, ಮಡಿಸಿ, ಮೂರು ಬದಿಗೆ ಒಂದೊಂದು ಪಿನ್ನು ಹೊಡೆಯಿರಿ. ಪಿನ್ನು ಕಾಗದದ ಅಂಚಿನಿಂದ ಮೂರು ಮಿ.ಮೀ. ಒಳಗಿದ್ದರೆ ಸಾಕು, ನಾಣ್ಯದ ಹತ್ತಿರ ಹೋಗಬಾರದು. ಹಿಂದುಗಡೆ ಎದ್ದ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ಈ ಕೆಲಸ ಬಿಟ್ಟರೆ ಪಕ್ಕದ ಹೋಲ್ಡರ್‌ನ ಫಿಲ್ಮು ಹರಿದು, ಅದರೊಳಗಿನ ನಾಣ್ಯಕ್ಕೆ ಗೀರು ಬೀಳುತ್ತದೆ.

ನಾಣ್ಯ ತೆಗೆಯುವಾಗ ಮೊದಲು ಮೂರೂ ಪಿನ್ನು ಪೂರ್ತಿ ಕಿತ್ತು ಬದಿಗಿಡಿ, ಆಮೇಲೆ ಬಿಡಿಸಿ. ಅರ್ಧ ಕಿತ್ತ ಪಿನ್ನಿನ ತುದಿಗೆ ನಾಣ್ಯ ಜಾರಿ ಬೀಳುವ ಗೀರೇ ಟೂ ಬೈ ಟೂನಲ್ಲಿ ಆಗುವ ದೊಡ್ಡ ಅನಾಹುತ. ಪಿನ್ನೇ ಬೇಡವೆಂದು ಅಂಟಿನ ಹೋಲ್ಡರ್ ಕೊಳ್ಳುವವರಿದ್ದಾರೆ. ಶೀಟಿನ ಮನೆ, ಏಪ್ರಿಲ್ ಬಿಸಿಲು ಎರಡೂ ಸೇರಿದರೆ ಅಂಟು ಮೆತ್ತಗಾಗಿ ಒಳಕ್ಕೆ ಹರಿಯುತ್ತದೆ. ಬೆಲೆಬಾಳುವ ನಾಣ್ಯಕ್ಕೆ ಅದು ಬೇಡ.

ಬೀರುವಿನೊಳಗೆ

ಸ್ಲ್ಯಾಬ್ ಗಾಳಿ ಪೂರ್ತಿ ತಡೆಯುವುದಿಲ್ಲ. ಸುತ್ತಲಿನ ಗಾಳಿ ನಿಧಾನವಾಗಿ ಒಳಕ್ಕೂ ಹೋಗುತ್ತದೆ, ಹೀಗಾಗಿ ಪಕ್ಕದಲ್ಲಿ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರೇಷ್ಮೆ ಸೀರೆಯ ಬೀರುವಿನಲ್ಲಿ ನಾಣ್ಯ ಇಡುವವರು ನುಸಿಗುಳಿಗೆಯನ್ನು ಮರೆತಿರುತ್ತಾರೆ. ಅದರ ಆವಿಗೆ ಪಾಲಿಸ್ಟೈರೀನ್ ಮೆತ್ತಗಾಗಿ ಮಬ್ಬಾಗುತ್ತದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಊದುಬತ್ತಿ ಹೊಗೆಯಾಡುವ ದೇವರ ಕೋಣೆಯೂ ಒಳ್ಳೆಯ ಜಾಗವಲ್ಲ.

ಸ್ಲ್ಯಾಬ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಒಳಗೆ ತೋಡುಗಳಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಒಂದೊಂದಕ್ಕೂ ತೆಳು ಚೀಲ ತೊಡಿಸಿದರೆ ಮೇಲ್ಮೈ ಗೀಚುವುದಿಲ್ಲ. ಬೆರಳಚ್ಚು ಬಿದ್ದರೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಜೋಡಣೆಯ ಗೆರೆಗೆ ನೀರು ಹರಿಯದಂತೆ ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. ಅಸಿಟೋನ್, ಸ್ಯಾನಿಟೈಸರ್ ತಾಗಿಸಬೇಡಿ. ಸಣ್ಣ ಗೀಚು ಪ್ಲಾಸ್ಟಿಕ್ ಪಾಲಿಶಿಗೆ ಹೋಗುತ್ತದೆ, ಉಗುರಿಗೆ ಸಿಕ್ಕುವಷ್ಟು ಆಳದ್ದು ಹೋಗುವುದಿಲ್ಲ.

ನಮ್ಮ ಕಡೆ ವರ್ಷದ ಬಹುಪಾಲು ಒಣಹವೆಯೇ. ಕಾಟ ಕೊಡುವುದು ಮುಂಗಾರಿನಿಂದ ದೀಪಾವಳಿಯವರೆಗಿನ ತಿಂಗಳುಗಳು, ಅದರಲ್ಲೂ ಗೋಡೆಗೆ ತಾಗಿಸಿಟ್ಟ ಬೀರುವಿನ ಕೆಳಖಾನೆ. ನಡುವಿನ ಖಾನೆಯಲ್ಲಿಡಿ, ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳವಾದರೆ ಗಂಧಕದ ಮಾತು ಮತ್ತೆ ಬರುತ್ತದೆ, ಸಿಲಿಕೋನ್ ಅಂಚಿನ ಡಬ್ಬಿ ಆರಿಸಿ. ಅದರೊಳಗೆ ಬಟ್ಟೆಚೀಲದಲ್ಲಿ 50 ಗ್ರಾಂ ಸಿಲಿಕಾ ಜೆಲ್ ಇಟ್ಟು, ಚೀಲದ ತೂಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಅದರ ಮೇಲೇ ಬರೆಯಿರಿ. ಬಣ್ಣ ಬದಲಾಗದ ಬಿಳಿ ಜೆಲ್‌ಗೆ ತೂಕ ಒಂದೇ ಗುರುತು. ಹತ್ತು ಗ್ರಾಂ ಏರಿದ್ದರೆ ಚೀಲದಿಂದ ಸುರಿದು, ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ತಣಿದ ಮೇಲೆ ತೂಗಿ ವಾಪಸು ಇಡಿ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೂ ಆಗುತ್ತದೆ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.