ಹಕ್ಕಳೆಯಿಂದ ಜೀನ್ ಓದಿದ್ದು

ನುಸಿಯ ಮರಿ ಕಚ್ಚಿ ಬರುವ ಜ್ವರ ಸ್ಕ್ರಬ್ ಟೈಫಸ್. ಅದನ್ನು ತರುವ ಬ್ಯಾಕ್ಟೀರಿಯಾ ಓರಿಯೆನ್ಷಿಯಾ ತ್ಸುತ್ಸುಗಮುಶಿ, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟ್ ಮೇಲೆ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶವೇ ಬೇಕು, ಬಿಎಸ್‌ಎಲ್-3 ಎಂಬ ಹೆಚ್ಚಿನ ಸುರಕ್ಷತೆಯ ಲ್ಯಾಬೂ ಬೇಕು. ನಮ್ಮಲ್ಲಿ ಅದಿರಲಿಲ್ಲ. ಹಾಗಾಗಿ ರೋಗಿಯ ಮಾದರಿಯಿಂದಲೇ ನೇರವಾಗಿ ಅದರ ಹೊರಪೊರೆಯ 56 ಕಿಲೋಡಾಲ್ಟನ್ ಪ್ರೋಟೀನಿನ ಜೀನ್ ಓದಲು ಹೊರಟೆವು. ತಳಿಯಿಂದ ತಳಿಗೆ ತುಂಬಾ ಬದಲಾಗುವ ಪ್ರೋಟೀನ್ ಇದು. ಕಾರ್ಪ್, ಕಾಟೊ, ಗಿಲಿಯಮ್ ಎಂಬ ವಿಂಗಡಣೆಯೂ ಇದರ ಮೇಲೆಯೇ ನಿಂತಿದೆ.

ಮಾದರಿಯಾಗಿ ರಕ್ತಕ್ಕಿಂತ ಹಕ್ಕಳೆ (ಎಸ್ಕಾರ್) ಮೇಲು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನುಸಿಯ ಮರಿ ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಹುಡುಕಿ ನೋಡದಿದ್ದರೆ ಕಾಣುವುದೇ ಇಲ್ಲ. ರಕ್ತದಲ್ಲಿ ಸಿಗದ ಡಿಎನ್‌ಎ ಅಲ್ಲಿ ಎಷ್ಟೋ ಸಲ ಸಿಗುತ್ತದೆ, ಡಾಕ್ಸಿಸೈಕ್ಲಿನ್ ಆ್ಯಂಟಿಬಯಾಟಿಕ್ ಶುರುವಾದ ಮೇಲೂ. ವಾರ್ಡಿನ ಸಿಸ್ಟರ್‌ಗಳನ್ನು ನಾನು ಕೇಳಿಕೊಳ್ಳುತ್ತಿದ್ದದ್ದು ಇಷ್ಟೇ: ಫೋರ್ಸೆಪ್ಸ್‌ನಲ್ಲಿ ಎತ್ತಿ ಸ್ಟೆರೈಲ್ ಟ್ಯೂಬಿಗೆ ಹಾಕಿ, ಫಾರ್ಮಲಿನ್ ಮಾತ್ರ ಬೇಡ.

ಒಣಗಿದ ಹಕ್ಕಳೆ ಗಟ್ಟಿ. ಬ್ಲೇಡಿನಿಂದ ಸಣ್ಣಗೆ ಹೆಚ್ಚಿ, ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟಿನೇಸ್ ಕೆ ಹಾಕಿ, 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದೆ. ಬೆಳಿಗ್ಗೆ ಚೂರೇನೂ ಉಳಿದಿಲ್ಲವೆಂದು ನೋಡಿಕೊಂಡ ಮೇಲೇ ಡಿಎನ್‌ಎ ತೆಗೆಯುವ ಕಿಟ್ ತೆರೆಯುವುದು. ಆಮೇಲೆ ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್: ಮೊದಲ ಸುತ್ತಿನಲ್ಲಿ ನಕಲು ಮಾಡಿದ ಡಿಎನ್‌ಎ ತುಂಡಿನ ಒಳಭಾಗವನ್ನು ಎರಡನೆಯದರಲ್ಲಿ ಮತ್ತೆ ನಕಲು ಮಾಡುವುದು. 1993ರಲ್ಲಿ ಜಪಾನಿನ ಫುರುಯಾ ತಂಡ ಪ್ರಕಟಿಸಿದ ಪ್ರೈಮರ್‌ಗಳನ್ನೇ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರುವ ಡಿಎನ್‌ಎ ಚೂರುಗಳು) ಬಳಸಿದೆವು. ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬಿಡಿಸುವ ಜೆಲ್ ಮೇಲೆ, ಅಳತೆಗೋಲಾದ ಲ್ಯಾಡರಿನ 500ರ ಗೆರೆಗಿಂತ ತುಸು ಕೆಳಗೆ, 483 ಬೇಸ್ ಜೋಡಿಯ ಬ್ಯಾಂಡ್ ಬರಬೇಕು.

ನೆಸ್ಟೆಡ್ ಪಿಸಿಆರ್‌ನಲ್ಲಿ ದೊಡ್ಡ ಭಯ ಕಂಟ್ಯಾಮಿನೇಷನ್, ಅಂದರೆ ಬೇರೆಡೆಯ ಡಿಎನ್‌ಎ ಸೇರಿಕೊಳ್ಳುವುದು. ಮೊದಲ ಸುತ್ತಿನ ಟ್ಯೂಬ್ ತೆರೆದ ಕೋಣೆಯಲ್ಲಿ ಮಾಸ್ಟರ್ ಮಿಕ್ಸ್ (ಪಿಸಿಆರ್‌ಗೆ ಬೇಕಾದ ರಾಸಾಯನಿಕಗಳ ಮಿಶ್ರಣ) ಕಲಸಲೇಬಾರದು. ಮಾದರಿಯ ಬದಲು ಬರೀ ನೀರು ಹಾಕಿದ ಕಂಟ್ರೋಲ್ ಎರಡೂ ಸುತ್ತಿನಲ್ಲಿ ಇರಲೇಬೇಕು. ಸೀಕ್ವೆನ್ಸೇ (ಓದಿ ಸಿಕ್ಕ ಬೇಸ್‌ಗಳ ಸಾಲು) ಒಂದು ಕಾವಲು ಕೂಡ: ರೋಗಿಯ ಮಾದರಿಯಲ್ಲಿ ನಮ್ಮ ಪಾಸಿಟಿವ್ ಕಂಟ್ರೋಲಿನ (ಹೋಲಿಕೆಗೆ ಇಟ್ಟ ಖಚಿತ ಪಾಸಿಟಿವ್ ಮಾದರಿ) ತಳಿ ಅಕ್ಷರಶಃ ಹಾಗೇ ಬಂದರೆ ಆ ಫಲಿತಾಂಶ ಬದಿಗಿಟ್ಟು, ಹೊಸದಾಗಿ ಡಿಎನ್‌ಎ ತೆಗೆಯುತ್ತಿದ್ದೆ.

ಬೇಸ್‌ಗಳನ್ನು ಒಂದೊಂದಾಗಿ ಓದುವ ಸ್ಯಾಂಗರ್ ಸೀಕ್ವೆನ್ಸಿಂಗನ್ನು ಎರಡೂ ದಿಕ್ಕಿನಿಂದ ಮಾಡಿಸಿದೆವು. ಫೈಲ್ ಬಂದ ಕೂಡಲೇ, ತಿಳಿದ ಸೀಕ್ವೆನ್ಸ್‌ಗಳೊಂದಿಗೆ ಹೋಲಿಸುವ ಬ್ಲಾಸ್ಟ್‌ಗೆ ಹಾಕುವ ಆತುರ ಬೇಡ. ಮೊದಲು ಒಂದೊಂದು ಬೇಸನ್ನೂ ಶಿಖರವಾಗಿ ತೋರುವ ನಕ್ಷೆ, ಕ್ರೊಮಾಟೋಗ್ರಾಂ, ತೆರೆದು ಕಣ್ಣಾರೆ ನೋಡಿ. ಶುರುವಿನ ಕೆಲ ಬೇಸ್‌ಗಳು ಕಲಸಿಹೋಗಿರುತ್ತವೆ, ಅವನ್ನು ಕತ್ತರಿಸಿ. ಉದ್ದಕ್ಕೂ ಒಂದರ ಮೇಲೊಂದು ಶಿಖರ ಕಂಡರೆ ಎರಡು ತಳಿ ಬೆರೆತಿರಬಹುದು.

ಕೊನೆಗೆ ಮೆಗಾ ಎಂಬ ಸಾಫ್ಟ್‌ವೇರಿನಲ್ಲಿ ತಳಿಗಳ ವಂಶವೃಕ್ಷ. ದಕ್ಷಿಣ ಭಾರತದಲ್ಲಿ ಕಾಟೊವನ್ನು ಹೋಲುವ ತಳಿಗಳು ಹೆಚ್ಚಾಗಿ ವರದಿಯಾಗಿವೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಆಸ್ಪತ್ರೆಗಳ ಎಲೈಸಾ ಕಿಟ್‌ಗಳು ಇದೇ 56 ಕಿಲೋಡಾಲ್ಟನ್ ಪ್ರೋಟೀನಿನಿಂದ ತಯಾರಾಗುವುದರಿಂದ, ನಮ್ಮ ಸುತ್ತಲ ತಳಿ ಯಾವುದೆಂಬುದು ರೋಗ ಪತ್ತೆಗೆ ನೇರ ಸಂಬಂಧಿಸಿದ ವಿಷಯ. ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿಗೆ ಸೇರಿಸುವಾಗ ಜಿಲ್ಲೆ, ವರ್ಷ, ಹಕ್ಕಳೆಯೋ ರಕ್ತವೋ ಎಂಬುದನ್ನು ತಪ್ಪದೆ ಬರೆಯಿರಿ.